ಇಬ್ಬರಿಗೂ ಕ್ರಿಯಾಟಿನಿನ್ 1.2: ಮೂತ್ರಪಿಂಡದ ಸೋಸುವಿಕೆಯನ್ನು ಲೆಕ್ಕ ಹಾಕಿ ಅರಿಯುವ ಸಮಗ್ರ ಮಾರ್ಗದರ್ಶಿ

ಮಲ್ಪೆಯಿಂದ ಬೋಟಿಗೆ ಹೋಗುವ 28 ವರ್ಷದ, 78 ಕಿಲೋ ತೂಕದ ಗಟ್ಟಿಮುಟ್ಟಾದ ಯುವಕನೊಬ್ಬನೂ, ಕೋಟದ ಕಡೆಯ 75 ವರ್ಷದ, 45 ಕಿಲೋ ತೂಕದ ಅಜ್ಜಿಯೊಬ್ಬರೂ ಒಂದೇ ಬೆಳಿಗ್ಗೆ ಉಡುಪಿಯ ಒಂದು ಲ್ಯಾಬಿನಲ್ಲಿ ರಕ್ತ ಕೊಟ್ಟರೆಂದು ಇಟ್ಟುಕೊಳ್ಳೋಣ. ಸಂಜೆ ಇಬ್ಬರ ರಿಪೋರ್ಟಿನಲ್ಲೂ ಸೀರಂ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕಬೇಕಾದ ಸ್ನಾಯುವಿನ ಕಸದ ರಕ್ತದಲ್ಲಿನ ಮಟ್ಟ) ಡೆಸಿಲೀಟರಿಗೆ 1.2 ಮಿಲಿಗ್ರಾಂ ಎಂದು ಅಚ್ಚಾಗಿದೆ. ಪಕ್ಕದಲ್ಲಿ ಮುದ್ರಿಸಿದ ಮಿತಿಯೊಳಗೇ ಇರುವುದರಿಂದ ಎರಡರಲ್ಲೂ ದಪ್ಪಕ್ಷರವಿಲ್ಲ, ನಕ್ಷತ್ರ ಚಿಹ್ನೆಯಿಲ್ಲ. "ಕ್ರಿಯಾಟಿನ್ ಎಷ್ಟುಂಟು?" "ಒಂದು ಪಾಯಿಂಟ್ ಎರಡು." "ಹಾಗಾದರೆ ನಾರ್ಮಲ್." ಮಾತು ಅಲ್ಲಿಗೆ ಮುಗಿಯುತ್ತದೆ.

ಆದರೆ ಯುವಕನ ಮೂತ್ರಪಿಂಡಗಳು ನಿಮಿಷಕ್ಕೆ ಸುಮಾರು 100 ಮಿಲಿಲೀಟರಿನಷ್ಟು ಪ್ಲಾಸ್ಮಾವನ್ನು (ಕಣಗಳನ್ನು ಬಿಟ್ಟ ರಕ್ತದ ದ್ರವವನ್ನು) ಕ್ರಿಯಾಟಿನಿನ್‌ನಿಂದ ತೆರವುಗೊಳಿಸುತ್ತಿರಬಹುದು. ಅಜ್ಜಿಯ ಮೂತ್ರಪಿಂಡಗಳು 30 ಮಿಲಿಲೀಟರಿನ ಆಸುಪಾಸಿನಲ್ಲಿ ಏದುಸಿರು ಬಿಡುತ್ತಿರಬಹುದು. ಒಂದೇ ಸಂಖ್ಯೆಯ ಹಿಂದೆ ಇಷ್ಟು ದೊಡ್ಡ ಅಂತರ ಹೇಗೆ ಅಡಗಿತು ಎಂಬುದನ್ನು ಅರ್ಥ ಮಾಡಿಕೊಂಡರೆ ಸೋಸುವಿಕೆಯ ಪ್ರಮಾಣ, ಕ್ರಿಯಾಟಿನಿನ್ ಕ್ಲಿಯರೆನ್ಸ್ ಮತ್ತು ರಿಪೋರ್ಟಿನ ಕೊನೆಯಲ್ಲಿ ಅಂದಾಜು ಸೋಸುವಿಕೆಯಾಗಿ ಬರುವ ಇಜಿಎಫ್‌ಆರ್ ಎಂಬ ಮೂರೂ ತಮ್ಮ ತಮ್ಮ ಸ್ಥಾನದಲ್ಲಿ ಕೂರುತ್ತವೆ. ಇದಕ್ಕೆ ಬೇಕಾಗುವುದು ಗುಣಾಕಾರ ಭಾಗಾಕಾರದಷ್ಟೇ ಗಣಿತ. ಔಷಧಿ ನಿಲ್ಲಿಸುವ, ಬದಲಿಸುವ ತೀರ್ಮಾನವನ್ನು ಮಾತ್ರ ಈ ಲೆಕ್ಕದ ಬಲದ ಮೇಲೆ ಮನೆಯಲ್ಲೇ ಮಾಡಬಾರದು.

ಮೊದಲು: ಸೋಸುವುದು ಎಲ್ಲಿ, ಎಷ್ಟು

ಒಂದೊಂದು ಮೂತ್ರಪಿಂಡದಲ್ಲಿ ಸೋಸುವ ಸಣ್ಣ ಘಟಕಗಳಾದ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ಪ್ರತಿ ನೆಫ್ರಾನಿನ ತುದಿಯಲ್ಲಿ ಗ್ಲೊಮೆರುಲಸ್ ಎಂಬ, ಕೂದಲಿಗಿಂತ ಸಪೂರವಾದ ರಕ್ತನಾಳಗಳ ಒಂದು ಉಂಡೆಯಿದೆ; ಅದನ್ನು ಬಟ್ಟಲಿನಂತೆ ಸುತ್ತುವರಿದ ಭಾಗದಿಂದ ಉದ್ದನೆಯ ನಾಳವೊಂದು ಹೊರಡುತ್ತದೆ. ಕಾಯಿಹಾಲು ಹಿಂಡುವಾಗ ತೆಳು ಬಟ್ಟೆಯೊಳಗೆ ಚರಟ ಉಳಿದು ಹಾಲು ಕೆಳಗಿಳಿಯುವಂತೆ, ಗ್ಲೊಮೆರುಲಸ್ಸಿನಲ್ಲಿ ರಕ್ತಕಣಗಳೂ ಆಲ್ಬುಮಿನ್‌ನಂಥ ದೊಡ್ಡ ಪ್ರೋಟೀನುಗಳೂ ಒಳಗೇ ಉಳಿದು, ನೀರು, ಉಪ್ಪು, ಸಕ್ಕರೆ, ಯೂರಿಯಾ, ಕ್ರಿಯಾಟಿನಿನ್‌ಗಳಂಥ ಸಣ್ಣ ಕಣಗಳು ಬಟ್ಟಲಿಗೆ ಇಳಿಯುತ್ತವೆ. ಹಿಂಡುವ ಕೈಯ ಕೆಲಸವನ್ನು ಇಲ್ಲಿ ರಕ್ತದ ಒತ್ತಡ ಮಾಡುತ್ತದೆ. ಪಠ್ಯಪುಸ್ತಕಗಳ ಅಂದಾಜಿನ ಪ್ರಕಾರ ಹೊರಕ್ಕೆ ತಳ್ಳುವ ಒತ್ತಡ ಪಾದರಸದ 60 ಮಿಲಿಮೀಟರಿನಷ್ಟು; ಪ್ರೋಟೀನುಗಳು ನೀರನ್ನು ಹಿಡಿದಿಡುವ ಬಲ ಮತ್ತು ಬಟ್ಟಲಿನಲ್ಲಿ ಈಗಾಗಲೇ ಇರುವ ದ್ರವದ ಎದುರೊತ್ತಡ ಸೇರಿ ಅದರಲ್ಲಿ 50ರಷ್ಟನ್ನು ತಿಂದುಹಾಕುತ್ತವೆ. ಸೋಸುವ ಕೆಲಸಕ್ಕೆ ಉಳಿಯುವುದು ಸುಮಾರು 10 ಮಾತ್ರ. ಉಳಿತಾಯ ಇಷ್ಟು ಸಣ್ಣದಾದ್ದರಿಂದಲೇ ವಾಂತಿಭೇದಿಯಿಂದ ದೇಹ ಬತ್ತಿದಾಗ ಅಥವಾ ಸೊಂಟನೋವಿಗೆಂದು ವಾರಗಟ್ಟಲೆ ಡೈಕ್ಲೊಫೆನಾಕ್ ನುಂಗಿದಾಗ ಸೋಸುವಿಕೆ ಕುಸಿಯುವ ಭಯವಿದೆ. ಆ ಮಾತ್ರೆ ಗ್ಲೊಮೆರುಲಸ್ಸಿಗೆ ರಕ್ತ ತರುವ ನಾಳ ಅಗತ್ಯವಿದ್ದಾಗ ಹಿಗ್ಗಿಕೊಳ್ಳುವುದನ್ನು ತಡೆಯುತ್ತದೆ.

ವಿಶ್ರಾಂತಿಯಲ್ಲಿರುವಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಪಂಪು ಮಾಡುತ್ತದೆ. ಅದರಲ್ಲಿ ಒಂದು ಲೀಟರಿಗಿಂತ ತುಸು ಹೆಚ್ಚು ಮೂತ್ರಪಿಂಡಗಳಿಗೆ ಹೋಗುತ್ತದೆ. ರಕ್ತಕಣಗಳನ್ನು ಬದಿಗಿಟ್ಟರೆ ಪ್ಲಾಸ್ಮಾ ಸುಮಾರು 600 ಮಿಲಿಲೀಟರ್. ಅದರಲ್ಲಿ ಐದನೆಯ ಒಂದು ಪಾಲು, ಅಂದರೆ ಆರೋಗ್ಯವಂತ ತರುಣ ದೇಹದಲ್ಲಿ ನಿಮಿಷಕ್ಕೆ 120ರಿಂದ 125 ಮಿಲಿಲೀಟರ್, ಸೋಸಿಹೋಗುತ್ತದೆ. ಎರಡೂ ಮೂತ್ರಪಿಂಡಗಳ ಎಲ್ಲ ಗ್ಲೊಮೆರುಲಸ್‌ಗಳು ಸೇರಿ ನಿಮಿಷಕ್ಕೆ ಸೋಸುವ ಈ ಒಟ್ಟು ಪರಿಮಾಣವೇ ಜಿಎಫ್‌ಆರ್. ದಿನಕ್ಕೆ ಇದು 180 ಲೀಟರ್ ಆಗುತ್ತದೆ. ದೇಹದಲ್ಲಿರುವ ಪ್ಲಾಸ್ಮಾ ಮೂರು ಲೀಟರಿನಷ್ಟೇ ಆದ್ದರಿಂದ ಅದು ದಿನಕ್ಕೆ 60 ಬಾರಿ ಸೋಸುಬಟ್ಟೆಯನ್ನು ದಾಟಿದ ಲೆಕ್ಕ. ನಾವು ಹೊರಹಾಕುವ ಮೂತ್ರ ಒಂದೂವರೆ ಲೀಟರಿನ ಆಸುಪಾಸು. ಉಳಿದುದನ್ನೆಲ್ಲ ನಾಳಗಳು ಮರಳಿ ಹೀರಿಕೊಳ್ಳುತ್ತವೆ. ಹಾಗಾಗಿ "ಮೂತ್ರ ಧಾರಾಳವಾಗಿ ಹೋಗುತ್ತದೆ, ಕಿಡ್ನಿಗೆ ಏನೂ ಆಗಿಲ್ಲ" ಎಂಬ ಮಾತಿಗೆ ಆಧಾರವಿಲ್ಲ. ಸೋಸುವಿಕೆ ಅರ್ಧಕ್ಕಿಳಿದರೂ ದಿನಕ್ಕೆ 90 ಲೀಟರ್ ಸೋಸುತ್ತದೆ. ಅದರಿಂದ ಒಂದೂವರೆ ಲೀಟರ್ ಮೂತ್ರ ತಯಾರಿಸುವುದು ಕಷ್ಟವೇನಲ್ಲ.

ಕ್ಲಿಯರೆನ್ಸ್ ಎಂಬ ಪದದ ಅಳತೆ

ಜಿಎಫ್‌ಆರ್ ಅನ್ನು ನೇರವಾಗಿ ಅಳೆಯುವ ಮೀಟರನ್ನು ಮೂತ್ರಪಿಂಡದೊಳಗೆ ಇಡಲು ಬರುವುದಿಲ್ಲ. ಆದ್ದರಿಂದ ಒಂದು ಬಳಸುದಾರಿ ಹಿಡಿಯಬೇಕು. ರಕ್ತದಲ್ಲಿರುವ ಯಾವುದಾದರೂ ಒಂದು ವಸ್ತುವನ್ನು ಆರಿಸಿ, ಒಂದು ನಿಮಿಷದಲ್ಲಿ ಅದು ಎಷ್ಟು ಮಿಲಿಗ್ರಾಂ ಮೂತ್ರಕ್ಕೆ ಹೋಯಿತೆಂದು ಅಳೆದು, ಅಷ್ಟು ಮಿಲಿಗ್ರಾಂ ಎಷ್ಟು ಮಿಲಿಲೀಟರ್ ಪ್ಲಾಸ್ಮಾದಲ್ಲಿ ಇರುತ್ತದೆಂದು ಕೇಳುವುದು. ಆ ಪ್ಲಾಸ್ಮಾದ ಪರಿಮಾಣವೇ ಆ ವಸ್ತುವಿನ ಕ್ಲಿಯರೆನ್ಸ್. ಇಲ್ಲಿ ಹಲವರು ಎಡವುತ್ತಾರೆ. ಕ್ಲಿಯರೆನ್ಸ್ ಎಂದರೆ ಹೊರಹೋದ ಕಸದ ತೂಕವಲ್ಲ, ಆ ಕಸವನ್ನು ಕಳೆದುಕೊಂಡು ಶುದ್ಧವಾದ ಪ್ಲಾಸ್ಮಾದ ಅಳತೆ. ಅದಕ್ಕೇ ಅದರ ಮಾನ ನಿಮಿಷಕ್ಕೆ ಮಿಲಿಲೀಟರ್.

ಆರಿಸಿಕೊಂಡ ವಸ್ತು ಗ್ಲೊಮೆರುಲಸ್ಸಿನಲ್ಲಿ ತಡೆಯಿಲ್ಲದೆ ಸೋಸಿಹೋಗಬೇಕು. ಮುಂದಿನ ನಾಳ ಅದನ್ನು ಮರಳಿ ಹೀರಲೂ ಬಾರದು, ತನ್ನ ಕಡೆಯಿಂದ ಹೊಸದಾಗಿ ಸುರಿಸಲೂ ಬಾರದು. ಆಗ ಮೂತ್ರಕ್ಕೆ ಬಂದುದೆಲ್ಲ ಸೋಸಿದ್ದೇ ಆಗುವುದರಿಂದ ಕ್ಲಿಯರೆನ್ಸ್ ಮತ್ತು ಜಿಎಫ್‌ಆರ್ ಒಂದೇ ಸಂಖ್ಯೆಯಾಗುತ್ತವೆ. ಸಕ್ಕರೆ ಪೂರ್ತಿ ಮರಳಿ ಹೀರಲ್ಪಡುವುದರಿಂದ ಆರೋಗ್ಯವಂತರಲ್ಲಿ ಅದರ ಕ್ಲಿಯರೆನ್ಸ್ ಸೊನ್ನೆ. ಯೂರಿಯಾ ಅರ್ಧದಷ್ಟು ಹಿಂದಿರುಗುವುದರಿಂದ ಜಿಎಫ್‌ಆರ್‌ಗಿಂತ ತುಂಬ ಕಡಿಮೆ ತೋರಿಸುತ್ತದೆ. ಈ ಷರತ್ತುಗಳಿಗೆಲ್ಲ ಒಪ್ಪುವ ವಸ್ತು ಇನುಲಿನ್, ಚಿಕೋರಿಯಂಥ ಗಿಡಗಳ ಬೇರಿನಲ್ಲಿರುವ ಒಂದು ಪಿಷ್ಟದಂಥ ಪದಾರ್ಥ. (ಇದು ಇನ್ಸುಲಿನ್ ಅಲ್ಲ.) ಆದರೆ ಅದು ದೇಹದಲ್ಲಿ ತಯಾರಾಗುವುದಿಲ್ಲ, ಗಂಟೆಗಟ್ಟಲೆ ಡ್ರಿಪ್ ಮೂಲಕ ಕೊಡುತ್ತಾ ಮತ್ತೆ ಮತ್ತೆ ಮಾದರಿ ತೆಗೆಯಬೇಕು. ಸಂಶೋಧನೆಗೆ ಅದು ಸರಿ, ದಿನನಿತ್ಯದ ಚಿಕಿತ್ಸೆಗೆ ಆಗದ ಮಾತು.

ಕ್ರಿಯಾಟಿನಿನ್ ಬಂದದ್ದು ಈ ಜಾಗಕ್ಕೆ. ಸ್ನಾಯುಗಳು ಶಕ್ತಿಯ ದಾಸ್ತಾನಿಗೆ ಇಟ್ಟುಕೊಳ್ಳುವ ಕ್ರಿಯಾಟಿನ್‌ನಲ್ಲಿ ಪ್ರತಿದಿನ ಶೇಕಡಾ 1ರಿಂದ 2ರಷ್ಟು ತಾನಾಗಿಯೇ ಕ್ರಿಯಾಟಿನಿನ್ ಎಂಬ ತ್ಯಾಜ್ಯವಾಗಿ ಬದಲಾಗುತ್ತದೆ. ಮಾತಿನಲ್ಲಿ ಎರಡನ್ನೂ "ಕ್ರಿಯಾಟಿನ್" ಎಂದೇ ಹೇಳುತ್ತೇವಾದರೂ ಮೊದಲನೆಯದು ಸ್ನಾಯುವಿನ ಸರಕು, ಎರಡನೆಯದು ಅದರ ಕಸ. ಈ ಕಸದ ಉತ್ಪತ್ತಿ ಒಬ್ಬನೇ ವ್ಯಕ್ತಿಯಲ್ಲಿ ದಿನದಿಂದ ದಿನಕ್ಕೆ ಹೆಚ್ಚು ಏರುಪೇರಾಗುವುದಿಲ್ಲ, ಸರಾಗವಾಗಿ ಸೋಸಿಹೋಗುತ್ತದೆ, ಗಮನಾರ್ಹವಾಗಿ ಮರಳಿ ಹೀರಲ್ಪಡುವುದೂ ಇಲ್ಲ. ಡೆನ್ಮಾರ್ಕಿನ ಪೌಲ್ ಬ್ರಾಂಟ್ ರೇಬರ್ಗ್ 1926ರಲ್ಲಿ ಸೋಸುವಿಕೆಯನ್ನು ಅಳೆಯಲು ಕ್ರಿಯಾಟಿನಿನ್ ಬಳಸಿದರು. ಅದನ್ನು ಬಣ್ಣದ ಮೂಲಕ ಗುರುತಿಸುವ ರಾಸಾಯನಿಕ ಕ್ರಿಯೆ ಇನ್ನೂ ಹಳೆಯದು: ಮ್ಯಾಕ್ಸ್ ಯಾಫೆ 1886ರಲ್ಲಿ ವಿವರಿಸಿದ, ಪಿಕ್ರಿಕ್ ಆಮ್ಲದೊಡನೆ ಕಿತ್ತಳೆ ಬಣ್ಣ ಬರುವ ಆ ವಿಧಾನದ ಸುಧಾರಿತ ರೂಪ ಇಂದಿಗೂ ಅನೇಕ ಲ್ಯಾಬುಗಳ ಯಂತ್ರಗಳೊಳಗೆ ನಡೆಯುತ್ತಿದೆ.

24 ಗಂಟೆಯ ಮೂತ್ರ ಸಂಗ್ರಹ: ತಪ್ಪುಗಳು ಹುಟ್ಟುವ ಜಾಗ

ಇಡೀ ದಿನದ ಮೂತ್ರವನ್ನು ಒಂದು ಕ್ಯಾನಿನಲ್ಲಿ ಕೂಡಿಡುವ ಕ್ರಿಯಾಟಿನಿನ್ ಕ್ಲಿಯರೆನ್ಸ್ ಪರೀಕ್ಷೆ ಹಾಳಾಗುವುದು ಬಹುತೇಕ ಮನೆಯಲ್ಲೇ. ಲ್ಯಾಬಿನ ಯಂತ್ರ ಎಷ್ಟೇ ನಿಖರವಾಗಿದ್ದರೂ ಕ್ಯಾನಿನಲ್ಲಿ ಒಂದು ಹೊತ್ತಿನ ಮೂತ್ರ ಕಡಿಮೆಯಾದರೆ ಉತ್ತರ ತಪ್ಪುತ್ತದೆ.

ಸುರತ್ಕಲ್‌ನಿಂದ ದಿನವೂ ಬಸ್ಸಿನಲ್ಲಿ ಹಂಪನಕಟ್ಟೆಯ ಕಚೇರಿಗೆ ಹೋಗಿಬರುವವರು ವಾರದ ಮಧ್ಯದಲ್ಲಿ ಈ ಪರೀಕ್ಷೆಗೆ ಕೈಹಾಕಬಾರದು. ಭಾನುವಾರ ಬೆಳಿಗ್ಗೆ ಆರಂಭಿಸಿ ಸೋಮವಾರ ಬೆಳಿಗ್ಗೆ ಮುಗಿಸಿ ಕ್ಯಾನನ್ನು ಲ್ಯಾಬಿಗೆ ಒಪ್ಪಿಸುವುದು ಅನುಕೂಲ. ಭಾನುವಾರ ಎದ್ದ ಕೂಡಲೇ, ಉದಾಹರಣೆಗೆ 6 ಗಂಟೆಗೆ, ಮೂತ್ರ ವಿಸರ್ಜಿಸಿ ಅದನ್ನು ಚೆಲ್ಲಿಬಿಡಬೇಕು. ಅದು ಹಿಂದಿನ ರಾತ್ರಿಯದು, ನಮ್ಮ ಲೆಕ್ಕಕ್ಕೆ ಸೇರಿದ್ದಲ್ಲ. ಗಡಿಯಾರ ಆರಂಭವಾಗುವುದು ಆ ಕ್ಷಣದಿಂದ. ಅಲ್ಲಿಂದ ಮುಂದೆ ಹಗಲು ರಾತ್ರಿ ಬಂದ ಪ್ರತಿಯೊಂದು ಹೊತ್ತಿನದನ್ನೂ ಕ್ಯಾನಿಗೆ ಸುರಿಯಬೇಕು, ಮಲವಿಸರ್ಜನೆಗೆ ಕೂರುವ ಮುನ್ನ ಮೂತ್ರವನ್ನು ಬೇರೆಯಾಗಿ ಹಿಡಿದಿಡಬೇಕು. ಸೋಮವಾರ ಬೆಳಿಗ್ಗೆ ಸರಿಯಾಗಿ 6 ಗಂಟೆಗೆ ಮತ್ತೊಮ್ಮೆ ವಿಸರ್ಜಿಸಿ ಅದನ್ನೂ ಕ್ಯಾನಿಗೇ ಸೇರಿಸಬೇಕು. ಮೊದಲನೆಯದು ಚೆಲ್ಲುವುದಕ್ಕೆ, ಕೊನೆಯದು ಸೇರಿಸುವುದಕ್ಕೆ: ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಶೌಚಾಲಯದ ಬಾಗಿಲಿಗೆ ಅಂಟಿಸಿದರೆ ಅರ್ಧ ತಪ್ಪುಗಳು ತಪ್ಪುತ್ತವೆ. ಮಧ್ಯದಲ್ಲಿ ಒಂದು ಹೊತ್ತು ಮರೆತುಹೋದರೆ ಅಂದಾಜಿನಿಂದ ನೀರು ಸೇರಿಸಿ ಸರಿದೂಗಿಸುವ ಜಾಣತನ ಬೇಡ. ಎಲ್ಲವನ್ನೂ ಚೆಲ್ಲಿ ಇನ್ನೊಂದು ದಿನ ಹೊಸದಾಗಿ ಆರಂಭಿಸುವುದೇ ದಾರಿ.

ನಮ್ಮ ಕರಾವಳಿಯ ಸೆಖೆಯಲ್ಲಿ ಕ್ಯಾನನ್ನು ತಂಪಾಗಿಡಬೇಕು. ಮನೆಯ ಫ್ರಿಜ್ಜಿನಲ್ಲಿಡಲು ಯಾರೂ ಒಪ್ಪುವುದಿಲ್ಲ, ಒತ್ತಾಯಿಸುವ ಅಗತ್ಯವೂ ಇಲ್ಲ. ಹಳೆಯ ಥರ್ಮೋಕೋಲ್ ಪೆಟ್ಟಿಗೆಯೊಂದರಲ್ಲಿ ಮಂಜುಗಡ್ಡೆ ಹಾಕಿ ಸ್ನಾನದ ಮನೆಯಲ್ಲಿಟ್ಟರೆ ಸಾಕು, ಮೀನಿಗೆ ಒದಗುವ ಪೆಟ್ಟಿಗೆ ಇದಕ್ಕೂ ಒದಗುತ್ತದೆ. ಹಿಂದಿನ ದಿನ ಮತ್ತು ಆ ದಿನ ಮಾಂಸದೂಟ ಜೋರಾಗಿ ಬೇಡ. ಬೆಂದ ಮಾಂಸದಲ್ಲಿ ಕ್ರಿಯಾಟಿನ್‌ನ ಒಂದು ಪಾಲು ಆಗಲೇ ಕ್ರಿಯಾಟಿನಿನ್ ಆಗಿರುವುದರಿಂದ, ಕೋರಿ ರೊಟ್ಟಿಯ ಊಟದ ನಂತರ ಕೆಲವು ಗಂಟೆ ರಕ್ತದ ಮಟ್ಟವೂ ತುಸು ಏರಿರುತ್ತದೆ. ನೀರನ್ನು ಎಂದಿನಷ್ಟೇ ಕುಡಿಯಿರಿ. ಸಂಗ್ರಹದ ಅವಧಿಯೊಳಗೆ ಅಥವಾ ಕ್ಯಾನು ಒಪ್ಪಿಸುವಾಗ ರಕ್ತದ ಮಾದರಿಯನ್ನೂ ಕೊಡಬೇಕು, ಏಕೆಂದರೆ ಮುಂದಿನ ಭಾಗಾಕಾರಕ್ಕೆ ಅದೇ ಆಧಾರ.

ಲೆಕ್ಕ ಹಾಕುವುದು

60 ಕಿಲೋ ತೂಕದ ಒಬ್ಬ ಪುರುಷನ ಕ್ಯಾನಿನಲ್ಲಿ 1,500 ಮಿಲಿಲೀಟರ್ ಮೂತ್ರವಿತ್ತು, ಅದರಲ್ಲಿ ಡೆಸಿಲೀಟರಿಗೆ 80 ಮಿಲಿಗ್ರಾಂ ಕ್ರಿಯಾಟಿನಿನ್ ಇತ್ತು, ರಕ್ತದಲ್ಲಿ ಡೆಸಿಲೀಟರಿಗೆ 1.0 ಮಿಲಿಗ್ರಾಂ ಇತ್ತು ಎನ್ನೋಣ. ಡೆಸಿಲೀಟರ್ ಎಂದರೆ 100 ಮಿಲಿಲೀಟರ್. ಹಾಗಾಗಿ 15 ಡೆಸಿಲೀಟರ್ ಮೂತ್ರದಲ್ಲಿ ಒಟ್ಟು 1,200 ಮಿಲಿಗ್ರಾಂ ಹೊರಹೋಗಿದೆ. ದಿನದ 1,440 ನಿಮಿಷಗಳಿಂದ ಭಾಗಿಸಿದರೆ ನಿಮಿಷಕ್ಕೆ 0.83 ಮಿಲಿಗ್ರಾಂ. ರಕ್ತದ ಪ್ರತಿ ಮಿಲಿಲೀಟರ್ ಪ್ಲಾಸ್ಮಾದಲ್ಲಿ ಇರುವುದು 0.01 ಮಿಲಿಗ್ರಾಂ. 0.83 ಮಿಲಿಗ್ರಾಂ ಬೇಕಾದರೆ 83 ಮಿಲಿಲೀಟರ್ ಪ್ಲಾಸ್ಮಾ ಬರಿದಾಗಬೇಕು. ಕ್ಲಿಯರೆನ್ಸ್ ನಿಮಿಷಕ್ಕೆ 83 ಮಿಲಿಲೀಟರ್. ಒಂದೇ ಸಾಲಿನಲ್ಲಿ ಬರೆದರೆ:

ಕ್ಲಿಯರೆನ್ಸ್ = (ಮೂತ್ರದ ಕ್ರಿಯಾಟಿನಿನ್ × 24 ಗಂಟೆಯ ಮೂತ್ರದ ಪರಿಮಾಣ) ÷ (ರಕ್ತದ ಕ್ರಿಯಾಟಿನಿನ್ × 1,440)

ಉತ್ತರವನ್ನು ನಂಬುವ ಮೊದಲು ಸಂಗ್ರಹ ಪೂರ್ತಿಯಾಗಿತ್ತೇ ಎಂದು ಪರೀಕ್ಷಿಸಬೇಕು. ಸಾಮಾನ್ಯವಾಗಿ ಪುರುಷರು ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 20ರಿಂದ 25 ಮಿಲಿಗ್ರಾಂ, ಮಹಿಳೆಯರು 15ರಿಂದ 20 ಮಿಲಿಗ್ರಾಂ ಕ್ರಿಯಾಟಿನಿನ್ ಹೊರಹಾಕುತ್ತಾರೆ. ವಯಸ್ಸಾಗಿ ಸ್ನಾಯು ಕರಗಿದಂತೆ ಇದು ಇಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ 1,200ನ್ನು 60ರಿಂದ ಭಾಗಿಸಿದರೆ 20. ಸರಿಯಿದೆ. ಆತ ಮಧ್ಯಾಹ್ನದ 400 ಮಿಲಿಲೀಟರನ್ನು ಕ್ಯಾನಿಗೆ ಹಾಕಲು ಮರೆತಿದ್ದರೆ? ಉಳಿದ 1,100 ಮಿಲಿಲೀಟರಿನ ಲೆಕ್ಕದಲ್ಲಿ ಕ್ಲಿಯರೆನ್ಸ್ 61ಕ್ಕೆ ಇಳಿದು ಮನೆಯವರೆಲ್ಲ ಕಂಗಾಲಾಗುತ್ತಿದ್ದರು. ಆದರೆ ಕಿಲೋಗೆ 14.7 ಮಿಲಿಗ್ರಾಂ ಎಂಬ ಅಂಕಿ ಸಂಗ್ರಹ ಅಪೂರ್ಣವೆಂದು ಎಚ್ಚರಿಸುತ್ತಿತ್ತು. ಚೆಲ್ಲಬೇಕಾಗಿದ್ದ ಮೊದಲ ಹೊತ್ತಿನ 350 ಮಿಲಿಲೀಟರನ್ನು ಸೇರಿಸಿಬಿಟ್ಟಿದ್ದರೆ ಕ್ಲಿಯರೆನ್ಸ್ 103 ಎಂದು ಬಂದು ಎಲ್ಲರೂ ಸಂತೋಷಪಡುತ್ತಿದ್ದರು, ಮತ್ತು ಕಿಲೋಗೆ 24.7 ಮಿಲಿಗ್ರಾಂ ಎಂಬುದು ಮಿತಿಯೊಳಗೇ ಬೀಳುವುದರಿಂದ ಈ ತಪ್ಪು ಸಿಕ್ಕಿಬೀಳುತ್ತಲೂ ಇರಲಿಲ್ಲ. ನನ್ನ ಮಟ್ಟಿಗೆ ಈ ಎರಡನೆಯ ತಪ್ಪು ಮೊದಲನೆಯದಕ್ಕಿಂತ ಅಪಾಯಕಾರಿ: ಹೆದರಿಸುವ ಸಂಖ್ಯೆಯನ್ನು ಜನ ಮರುಪರೀಕ್ಷೆ ಮಾಡಿಸುತ್ತಾರೆ, ಖುಷಿ ಕೊಡುವ ಸಂಖ್ಯೆಯನ್ನು ಫೈಲಿನಲ್ಲಿಟ್ಟು ಮರೆತುಬಿಡುತ್ತಾರೆ.

ಕ್ಲಿಯರೆನ್ಸ್ ಮತ್ತು ಜಿಎಫ್‌ಆರ್ ನಡುವಿನ ಸಣ್ಣ ಸುಳ್ಳು

ಮೇಲೆ ಹೇಳಿದ ಷರತ್ತುಗಳಲ್ಲಿ ಒಂದನ್ನು ಕ್ರಿಯಾಟಿನಿನ್ ಪಾಲಿಸುವುದಿಲ್ಲ. ಅದು ಸೋಸಿಹೋಗುವುದಲ್ಲದೆ, ನಾಳದ ಗೋಡೆಯ ಕೋಶಗಳು ರಕ್ತದಿಂದ ಇನ್ನಷ್ಟನ್ನು ಹಿಡಿದು ಮೂತ್ರಕ್ಕೆ ಸುರಿಸುತ್ತವೆ. ಸಾಮಾನ್ಯ ಸ್ಥಿತಿಯಲ್ಲಿ ಮೂತ್ರದ ಕ್ರಿಯಾಟಿನಿನ್‌ನಲ್ಲಿ ಶೇಕಡಾ 10ರಿಂದ 20ರಷ್ಟು ಈ ಹಿತ್ತಲ ಬಾಗಿಲಿನಿಂದ ಬಂದದ್ದು. ಮೂತ್ರಕ್ಕೆ ಬಂದದ್ದು ಸೋಸಿದ್ದು ಮತ್ತು ಸುರಿಸಿದ್ದು ಎರಡರ ಮೊತ್ತವಾದ್ದರಿಂದ ಕ್ರಿಯಾಟಿನಿನ್ ಕ್ಲಿಯರೆನ್ಸ್ ಯಾವಾಗಲೂ ನಿಜವಾದ ಜಿಎಫ್‌ಆರ್‌ಗಿಂತ ಹೆಚ್ಚೇ ಇರುತ್ತದೆ. ನಮ್ಮ 83ರ ಹಿಂದಿನ ನಿಜ ಸೋಸುವಿಕೆ 70ರ ಸುತ್ತಮುತ್ತ ಇರಬಹುದು. ಯಾಫೆ ವಿಧಾನದ ಹಳೆಯ ರೂಪ ರಕ್ತದಲ್ಲಿನ ಬೇರೆ ವಸ್ತುಗಳನ್ನೂ ಕ್ರಿಯಾಟಿನಿನ್ ಎಂದೇ ಎಣಿಸಿ ಛೇದವನ್ನು ಹಿಗ್ಗಿಸುತ್ತಿತ್ತು; ಅಂಶವೂ ಛೇದವೂ ಒಟ್ಟಿಗೆ ಹಿಗ್ಗಿ, ಎರಡು ತಪ್ಪುಗಳು ಸೇರಿ ಉತ್ತರ ಹೆಚ್ಚು ಕಡಿಮೆ ಸರಿಯಾಗುತ್ತಿದ್ದುದು ವಿಜ್ಞಾನದ ಒಂದು ತಮಾಷೆ. ಯಂತ್ರಗಳು ಸುಧಾರಿಸಿದ ಮೇಲೆ ಆ ಅದೃಷ್ಟ ಹೊರಟುಹೋಯಿತು.

ಮೂತ್ರಪಿಂಡ ಕ್ಷೀಣಿಸಿದಂತೆ ಸೋಸುವ ಪಾಲು ಕಡಿಮೆಯಾಗಿ ಸುರಿಸುವ ಪಾಲು ಹೆಚ್ಚಾಗುವುದರಿಂದ ಈ ಅಂತರವೂ ಹಿಗ್ಗುತ್ತದೆ. ರೋಗ ಮುಂದುವರಿದವರಲ್ಲಿ ವೈದ್ಯರು ಯೂರಿಯಾ ಕ್ಲಿಯರೆನ್ಸನ್ನೂ ಅಳೆದು, ಹೆಚ್ಚು ತೋರಿಸುವ ಕ್ರಿಯಾಟಿನಿನ್ ಮತ್ತು ಕಡಿಮೆ ತೋರಿಸುವ ಯೂರಿಯಾ ಎರಡರ ಸರಾಸರಿ ತೆಗೆದುಕೊಳ್ಳುವುದುಂಟು. ಇನ್ನು ಮೂತ್ರದ ಸೋಂಕಿಗೆ ಕೊಡುವ ಟ್ರೈಮೆಥೊಪ್ರಿಮ್‌ನಂಥ ಔಷಧಗಳು ಈ ಹಿತ್ತಲ ಬಾಗಿಲನ್ನು ಮುಚ್ಚುತ್ತವೆ. ಆಗ ಸೋಸುವಿಕೆ ಕಿಂಚಿತ್ತೂ ಇಳಿಯದೆ ರಕ್ತದ ಕ್ರಿಯಾಟಿನಿನ್ ಮಾತ್ರ ಏರುತ್ತದೆ, ಮಾತ್ರೆ ನಿಂತ ಮೇಲೆ ತಾನಾಗಿ ಇಳಿಯುತ್ತದೆ.

ಕ್ಯಾನಿಲ್ಲದ ದಾರಿ: ಸೂತ್ರಗಳು

ಪ್ರತಿಯೊಬ್ಬರಿಗೂ 24 ಗಂಟೆ ಮೂತ್ರ ಸಂಗ್ರಹಿಸಿ ಎನ್ನಲಾಗದು. ಕೆನಡಾದ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ 1976ರಲ್ಲಿ 249 ಪುರುಷರ ಅಳತೆಗಳಿಂದ ಒಂದು ಸುಲಭ ಸೂತ್ರ ಕೊಟ್ಟರು. 140ರಿಂದ ವಯಸ್ಸನ್ನು ಕಳೆಯಿರಿ, ಕಿಲೋ ತೂಕದಿಂದ ಗುಣಿಸಿ, ರಕ್ತದ ಕ್ರಿಯಾಟಿನಿನ್ ಅನ್ನು 72ರಿಂದ ಗುಣಿಸಿ ಬಂದುದರಿಂದ ಭಾಗಿಸಿ; ಮಹಿಳೆಯರಿಗಾದರೆ ಕೊನೆಗೆ 0.85ರಿಂದ ಗುಣಿಸಿ. ವಯಸ್ಸು, ತೂಕ, ಲಿಂಗ ಈ ಮೂರೂ ಸ್ನಾಯುವಿನ ಪರವಾಗಿ ನಿಂತ ಸಾಕ್ಷಿಗಳು. ಕ್ಯಾನಿನಲ್ಲಿ ಅಳೆಯಬೇಕಿದ್ದ ಕ್ರಿಯಾಟಿನಿನ್ ಉತ್ಪತ್ತಿಯನ್ನು ಇಲ್ಲಿ ಊಹಿಸಲಾಗುತ್ತದೆ.

ಆರಂಭದ ಇಬ್ಬರಿಗೆ ಇದನ್ನು ಹಚ್ಚಿ ನೋಡಿ. ಯುವಕ: 112 × 78 = 8,736; ಅದನ್ನು 86.4ರಿಂದ ಭಾಗಿಸಿದರೆ 101. ಅಜ್ಜಿ: 65 × 45 = 2,925; 86.4ರಿಂದ ಭಾಗಿಸಿದರೆ 33.9, 0.85ರಿಂದ ಗುಣಿಸಿದರೆ ಸುಮಾರು 29. ಯುವಕನ ಸ್ನಾಯುಗಳು ದಿನವೂ ಬುಟ್ಟಿಗಟ್ಟಲೆ ಕಸ ಸುರಿಯುತ್ತಿದ್ದರೂ ಮೂತ್ರಪಿಂಡ ಅದನ್ನು 1.2ರಲ್ಲಿ ಹಿಡಿದಿಟ್ಟಿದೆ. ಅಜ್ಜಿಯ ದೇಹ ಹುಟ್ಟಿಸುವುದೇ ಹಿಡಿಯಷ್ಟು, ಆ ಹಿಡಿಯಷ್ಟನ್ನು ತೆಗೆಯಲಾಗದೆ ಮಟ್ಟ 1.2ಕ್ಕೆ ಬಂದು ನಿಂತಿದೆ.

ಈಗಿನ ರಿಪೋರ್ಟುಗಳಲ್ಲಿ ಮುದ್ರಿತವಾಗುವ ಇಜಿಎಫ್‌ಆರ್ ಹೆಚ್ಚಾಗಿ ಸಿಕೆಡಿ-ಎಪಿ ಎಂಬ ಸೂತ್ರದ್ದು, 2009ರಲ್ಲಿ ಬಂದು 2021ರಲ್ಲಿ ಪರಿಷ್ಕೃತವಾದದ್ದು. ಅದರ ಗಣಿತ ಕೈಯಲ್ಲಿ ಮಾಡುವಂಥದಲ್ಲ. ಅದು ತೂಕವನ್ನು ಕೇಳುವುದೂ ಇಲ್ಲ. 2021ರ ಸೂತ್ರದಲ್ಲಿ ಯುವಕನಿಗೆ ಸುಮಾರು 84, ಅಜ್ಜಿಗೆ 47 ಬರುತ್ತದೆ. ಅಜ್ಜಿಗೆ ಒಂದು ಕಡೆ 29, ಇನ್ನೊಂದು ಕಡೆ 47! ಇಲ್ಲಿ ಗೊಂದಲ ಬೇಡ. ಕಾಕ್‌ಕ್ರಾಫ್ಟ್-ಗಾಲ್ಟ್ ಅಂದಾಜಿಸುವುದು ಆ ವ್ಯಕ್ತಿಯ ಕ್ರಿಯಾಟಿನಿನ್ ಕ್ಲಿಯರೆನ್ಸನ್ನು, ಅದೂ ಹಳೆಯ ಕಾಲದ ಲ್ಯಾಬ್ ಅಳತೆಗಳ ಮೇಲೆ. ಸಿಕೆಡಿ-ಎಪಿ ಅಂದಾಜಿಸುವುದು ಜಿಎಫ್‌ಆರ್ ಅನ್ನು, ಅದೂ ಎಲ್ಲರ ದೇಹದ ಮೇಲ್ಮೈ 1.73 ಚದರ ಮೀಟರ್ ಇದ್ದಿದ್ದರೆ ಎಷ್ಟಾಗುತ್ತಿತ್ತು ಎಂಬ ಲೆಕ್ಕದಲ್ಲಿ. ಈ 1.73 ಎಂಬುದು 1920ರ ದಶಕದ ಅಮೆರಿಕದ 25ರ ಹರೆಯದವರ ಸರಾಸರಿ. ನಮ್ಮ ಅಜ್ಜಿಯ ಎತ್ತರ 148 ಸೆಂಟಿಮೀಟರ್ ಎಂದಾದರೆ ಅವರ ಮೇಲ್ಮೈ ಸುಮಾರು 1.36. 47ನ್ನು 1.36ರಿಂದ ಗುಣಿಸಿ 1.73ರಿಂದ ಭಾಗಿಸಿದರೆ 37 ಉಳಿಯುತ್ತದೆ. 37 ಮತ್ತು 29ರ ನಡುವೆ ಉಳಿಯುವ ಅಂತರ ಎರಡು ಸೂತ್ರಗಳು ಬೇರೆ ಬೇರೆ ಜನರನ್ನು ಅಳೆದು ಹುಟ್ಟಿದ್ದರ ಫಲ; ವಯಸ್ಸಾದ ಸಣಕಲು ದೇಹದವರಲ್ಲಿ ಹಳೆಯ ಸೂತ್ರ ಕಡಿಮೆ ತೋರಿಸುವುದು ತಿಳಿದ ವಿಷಯ. ಹೇಗೆ ನೋಡಿದರೂ ಅಜ್ಜಿಯ 1.2 "ನಾರ್ಮಲ್" ಅಲ್ಲ.

ಯಾವುದನ್ನು ಯಾವುದಕ್ಕೆ ಬಳಸಬೇಕು? ಕಾಯಿಲೆಯ ಹಂತ ಗುರುತಿಸಲು ಇಜಿಎಫ್‌ಆರ್: 90 ಮತ್ತು ಮೇಲೆ ಮೊದಲ ಹಂತ, 60ರಿಂದ 89 ಎರಡನೆಯದು, 45ರಿಂದ 59 ಮೂರು ಎ, 30ರಿಂದ 44 ಮೂರು ಬಿ, 15ರಿಂದ 29 ನಾಲ್ಕು, 15ಕ್ಕಿಂತ ಕೆಳಗೆ ಐದು. ಮೊದಲೆರಡು ಹಂತಗಳನ್ನು ಕಾಯಿಲೆ ಎನ್ನಬೇಕಾದರೆ ಮೂತ್ರದಲ್ಲಿ ಆಲ್ಬುಮಿನ್ ಸೋರಿಕೆಯಂಥ ಬೇರೆ ಪುರಾವೆ ಇರಬೇಕು, ಮತ್ತು ಯಾವ ಹಂತವೇ ಆಗಲಿ ಮೂರು ತಿಂಗಳಿಗಿಂತ ಹೆಚ್ಚು ಮುಂದುವರಿದಿರಬೇಕು. ಔಷಧದ ಪ್ರಮಾಣದ ವಿಷಯ ಬೇರೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಡಾಬಿಗಾಟ್ರಾನ್‌ನಂಥವುಗಳ ಸೂಚನೆಗಳನ್ನು ಕಾಕ್‌ಕ್ರಾಫ್ಟ್-ಗಾಲ್ಟ್ ಕ್ಲಿಯರೆನ್ಸ್ ಆಧರಿಸಿ ಬರೆಯಲಾಗಿದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್‌ಗೆ ಇಜಿಎಫ್‌ಆರ್ 30ಕ್ಕಿಂತ ಕೆಳಗಿಳಿದರೆ ಕೊಡಬಾರದೆಂಬ ಮಿತಿಯಿದೆ. ಆದ್ದರಿಂದ ವೈದ್ಯರ ಬಳಿ ಹೋಗುವಾಗ ಈಗಿನ ತೂಕವನ್ನು ತಿಳಿದುಕೊಂಡು ಹೋಗಿ.

ಏರಿಕೆಯ ವಕ್ರರೇಖೆ

ದಿನಕ್ಕೆ 1,200 ಮಿಲಿಗ್ರಾಂ ಉತ್ಪತ್ತಿಯಿರುವ ಅದೇ ವ್ಯಕ್ತಿಯ ಕ್ಲಿಯರೆನ್ಸ್ 120 ಇದ್ದಾಗ ರಕ್ತದ ಕ್ರಿಯಾಟಿನಿನ್ 0.7 ಇರುತ್ತದೆ. ಕ್ಲಿಯರೆನ್ಸ್ 60 ಆದರೆ 1.4. 30 ಆದರೆ 2.8. 15 ಆದರೆ 5.6. ಪ್ರತಿ ಬಾರಿ ಕ್ಲಿಯರೆನ್ಸ್ ಅರ್ಧವಾದಾಗ ಕ್ರಿಯಾಟಿನಿನ್ ಇಮ್ಮಡಿ. ಇದರೊಳಗಿನ ಮೋಸ ನೋಡಿ: 0.7ರಿಂದ 1.4ಕ್ಕೆ ಏರಿದಾಗ ಮೂತ್ರಪಿಂಡ ಕಳೆದುಕೊಂಡದ್ದು 60 ಮಿಲಿಲೀಟರ್, 2.8ರಿಂದ 5.6ಕ್ಕೆ ಹಾರಿದಾಗ ಕಳೆದುಕೊಂಡದ್ದು 15. ಜನರು ಹೌಹಾರುವುದು ಎರಡನೆಯದಕ್ಕೆ. ದೊಡ್ಡ ನಷ್ಟ ಸದ್ದಿಲ್ಲದೆ ಮೊದಲೇ ಆಗಿಹೋಗಿರುತ್ತದೆ. ಹತ್ತು ವರ್ಷದ ಹಿಂದೆ 0.7 ಇದ್ದವರಿಗೆ ಇಂದು 1.1 ಬಂದಿದ್ದರೆ ಅದು ಮಿತಿಯೊಳಗಿದ್ದರೂ ಕೇಳಬೇಕಾದ ಪ್ರಶ್ನೆ. ಹಳೆಯ ರಿಪೋರ್ಟುಗಳನ್ನು ರದ್ದಿಗೆ ಹಾಕದೆ ದಿನಾಂಕದೊಂದಿಗೆ ಇಟ್ಟುಕೊಳ್ಳಬೇಕೆನ್ನುವುದು ಇದಕ್ಕಾಗಿ.

ಲೆಕ್ಕ ಕೆಲಸ ಮಾಡದ ಹೊತ್ತು

ಈ ಎಲ್ಲ ಸೂತ್ರಗಳೂ ಉತ್ಪತ್ತಿ ಮತ್ತು ವಿಸರ್ಜನೆ ಸರಿದೂಗಿ ರಕ್ತದ ಮಟ್ಟ ನಿಂತ ನೀರಿನಂತಿದೆ ಎಂದು ಭಾವಿಸುತ್ತವೆ. ಮಳೆಗಾಲದಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿಯ ಗದ್ದೆ ತೋಟಗಳಲ್ಲಿ ಕೆಲಸ ಮಾಡುವವರಿಗೆ ಬರುವ ಇಲಿಜ್ವರ ಮೂತ್ರಪಿಂಡಗಳನ್ನು ಒಂದೆರಡು ದಿನದಲ್ಲೇ ಸ್ತಬ್ಧಗೊಳಿಸಬಲ್ಲದು. ಸೋಸುವಿಕೆ ಸೊನ್ನೆಗೆ ಹತ್ತಿರ ಬಂದ ಮೊದಲ ದಿನ ರಕ್ತದ ಕ್ರಿಯಾಟಿನಿನ್ ಇನ್ನೂ 1.5 ಇರಬಹುದು; ಅದು ದಿನಕ್ಕೆ ಒಂದು, ಒಂದೂವರೆ ಮಿಲಿಗ್ರಾಂನಂತೆ ಮೆಲ್ಲನೆ ಏರುತ್ತದೆ. ಮಳೆನೀರನ್ನು ಹೊರಹಾಕುವ ಪಂಪು ಕೆಟ್ಟ ಮರುಕ್ಷಣವೇ ಅಂಗಳದಲ್ಲಿ ನೀರು ತುಂಬುವುದಿಲ್ಲವಲ್ಲ. ಆ ದಿನ ಯಂತ್ರ ಮುದ್ರಿಸಿದ ಇಜಿಎಫ್‌ಆರ್‌ಗೆ ಅರ್ಥವಿಲ್ಲ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು, ಮೂತ್ರ ಕಡಿಮೆ ಎಂದಾಗ ಸಂಖ್ಯೆ ನೋಡಿ ಸಮಾಧಾನಪಡದೆ ಆಸ್ಪತ್ರೆಗೆ ಹೋಗಬೇಕು. ಕೊಲೆಸ್ಟೆರಾಲ್ ಇಳಿಸಲೆಂದು ಹಿತ್ತಲಿನ ಬಿಂಬುಳಿಯ ಗಟ್ಟಿ ರಸವನ್ನು ಲೋಟಗಟ್ಟಲೆ ಕುಡಿದು ಆಕ್ಸಲೇಟ್ ಹರಳುಗಳಿಂದ ಮೂತ್ರಪಿಂಡ ಹಠಾತ್ತನೆ ಕೆಟ್ಟ ಪ್ರಕರಣಗಳು ನೆರೆಯ ಕೇರಳದಿಂದ ವರದಿಯಾಗಿವೆ. ಸಾರಿಗೆ ಹಾಕುವ ನಾಲ್ಕು ಕಾಯಿಯ ಮಾತು ಇದಲ್ಲ. ಅದರ ನೆಂಟ ದಾರೆಹುಳಿಯನ್ನು ಮಾತ್ರ, ಮೂತ್ರಪಿಂಡದ ಕಾಯಿಲೆಯಿದ್ದವರು ಮುಟ್ಟದಿರುವುದೇ ಸರಿ. ಅದರಲ್ಲಿನ ನರವಿಷವನ್ನು ಹೊರಹಾಕಲು ಅವರ ಮೂತ್ರಪಿಂಡಕ್ಕೆ ಆಗುವುದಿಲ್ಲ.

ಸ್ನಾಯು ಸರಾಸರಿಗಿಂತ ತೀರಾ ಬೇರೆಯಾಗಿದ್ದಾಗಲೂ ಊಹೆ ತಪ್ಪುತ್ತದೆ. ಜಿಮ್ಮಿಗೆ ಹೋಗಿ ಕ್ರಿಯಾಟಿನ್ ಪುಡಿ ತಿನ್ನುವ ಹುಡುಗನಿಗೆ 1.4 ಬಂದರೆ ಸೂತ್ರ ಇಲ್ಲದ ಕಾಯಿಲೆಯನ್ನು ತೋರಿಸಬಹುದು. ಕಾಲು ಕತ್ತರಿಸಲ್ಪಟ್ಟವರಲ್ಲಿ, ವರ್ಷಗಟ್ಟಲೆ ಹಾಸಿಗೆ ಹಿಡಿದವರಲ್ಲಿ, ಯಕೃತ್ತಿನ ಕಾಯಿಲೆಯಿಂದ ಸೊರಗಿದವರಲ್ಲಿ ಇರುವ ಕಾಯಿಲೆಯನ್ನು ಮುಚ್ಚಿಡಬಹುದು. ಇಂಥವರಿಗೆ 24 ಗಂಟೆಯ ಸಂಗ್ರಹ ಇಂದಿಗೂ ಉಪಯುಕ್ತ, ಏಕೆಂದರೆ ಅದು ಉತ್ಪತ್ತಿಯನ್ನು ಊಹಿಸದೆ ಅಳೆಯುತ್ತದೆ. ಇನ್ನೊಂದು ದಾರಿ ಸಿಸ್ಟಾಟಿನ್ ಸಿ ಎಂಬ ರಕ್ತಪರೀಕ್ಷೆ. ಆ ಪ್ರೋಟೀನನ್ನು ದೇಹದ ಬಹುತೇಕ ಎಲ್ಲ ಕೋಶಗಳೂ ಉತ್ಪಾದಿಸುವುದರಿಂದ ಸ್ನಾಯುವಿನ ಹಂಗು ಕಡಿಮೆ. ದುಬಾರಿ, ಎಲ್ಲ ಲ್ಯಾಬಿನಲ್ಲಿ ಸಿಗುವುದಿಲ್ಲ. ಗರ್ಭಿಣಿಯರಲ್ಲಿ ಸೋಸುವಿಕೆ ಶೇಕಡಾ 40ರಿಂದ 50ರಷ್ಟು ಏರಿ ಕ್ರಿಯಾಟಿನಿನ್ ಕೆಳಗಿಳಿಯುವುದು ಸಹಜವಾದ್ದರಿಂದ ಅವರಿಗೆ 1.0 ಕೂಡ ವೈದ್ಯರಿಗೆ ತೋರಿಸಬೇಕಾದ ಸಂಖ್ಯೆ.

ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ ಆರಂಭಿಸಿದ ಕೆಲವು ವಾರಗಳಲ್ಲಿ ಕ್ರಿಯಾಟಿನಿನ್ ತುಸು ಏರುವುದನ್ನು ಕಂಡು ಮಾತ್ರೆಯನ್ನೇ ಬಿಟ್ಟವರಿದ್ದಾರೆ. ಅವು ಗ್ಲೊಮೆರುಲಸ್ಸಿನಿಂದ ರಕ್ತ ಹೊರಹೋಗುವ ನಾಳವನ್ನು ಸಡಿಲಿಸಿ ಒಳಗಿನ ಒತ್ತಡ ಇಳಿಸುತ್ತವೆ. ಸೋಸುವಿಕೆ ಸ್ವಲ್ಪ ತಗ್ಗುವುದು ಅದರ ನೇರ ಪರಿಣಾಮ. ಶೇಕಡಾ 30ರೊಳಗಿನ ಏರಿಕೆಯನ್ನು ವೈದ್ಯರು ಸಾಮಾನ್ಯವಾಗಿ ಸಹಿಸಿಕೊಂಡು ಗಮನಿಸುತ್ತಾರೆ, ಏಕೆಂದರೆ ಆ ಒತ್ತಡ ತಗ್ಗುವುದೇ ಮುಂದಿನ ವರ್ಷಗಳಲ್ಲಿ ಮೂತ್ರಪಿಂಡವನ್ನು ಕಾಯುತ್ತದೆ.

ಮರುಪರೀಕ್ಷೆಗೆ ಹೋಗುವಾಗ

ಸಾಧ್ಯವಾದಷ್ಟು ಅದೇ ಲ್ಯಾಬಿಗೆ, ಅದೇ ಹೊತ್ತಿಗೆ ಹೋಗಿ. ಎರಡು ಲ್ಯಾಬುಗಳ ವಿಧಾನ ಬೇರೆಯಾಗಿದ್ದರೆ ಸಣ್ಣ ವ್ಯತ್ಯಾಸ ಅಲ್ಲೇ ಹುಟ್ಟಬಹುದು. ಒಂದೇ ಲ್ಯಾಬಿನಲ್ಲೂ 1.1 ಮತ್ತು 1.2ರ ನಡುವಿನ ಏರಿಳಿತವನ್ನು ಬದಲಾವಣೆ ಎಂದು ಎಣಿಸಬಾರದು. ಕ್ರಿಯಾಟಿನಿನ್ ಜೊತೆಗೆ ಬೆಳಗಿನ ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತವನ್ನೂ ಕೇಳಿ ಮಾಡಿಸಿಕೊಳ್ಳಿ. ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಬುಮಿನ್ ಇದ್ದರೆ ಸೋಸುಬಟ್ಟೆ ಹರಿಯತೊಡಗಿದೆ ಎಂದರ್ಥ, ಸಕ್ಕರೆ ಕಾಯಿಲೆಯವರಲ್ಲಿ ಇದು ಕ್ರಿಯಾಟಿನಿನ್ ಏರುವುದಕ್ಕಿಂತ ವರ್ಷಗಳ ಮೊದಲೇ ಕಾಣಿಸಿಕೊಳ್ಳಬಹುದು. ಕೋಟದ ಅಜ್ಜಿಯ ಮಟ್ಟಿಗೆ ಹೇಳುವುದಾದರೆ, ಮೂರು ತಿಂಗಳ ಬಳಿಕದ ಆ ಎರಡು ಪರೀಕ್ಷೆಗಳು ಬರುವವರೆಗೆ ಮನೆಯವರು ಅವರ ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಾವಾಗಿ ನೋವಿನ ಮಾತ್ರೆ ತಂದುಕೊಡುವುದನ್ನು ನಿಲ್ಲಿಸಬೇಕು, ಮತ್ತು ಯಾವ ವೈದ್ಯರ ಬಳಿ ಹೋದರೂ "ಕ್ರಿಯಾಟಿನಿನ್ ನಾರ್ಮಲ್" ಎನ್ನುವ ಬದಲು "75 ವರ್ಷ, 45 ಕಿಲೋ, ಕ್ರಿಯಾಟಿನಿನ್ 1.2" ಎಂದು ಹೇಳಬೇಕು.